ಹಿತ್ತಿಲ ಗೇಟಿಗೆ ಕಟ್ಟಿದ ಹಸಿರು ಹಗ್ಗ

ಅತ್ತೆ, ಆ ಹಗ್ಗ ಕಟ್ಟಿದವಳು ನಾನು. ಇಂಗ್ಲೆಂಡಿನ ಆ ಹಳ್ಳಿಯಲ್ಲಿ, ನಮ್ಮ ಬಾಡಿಗೆ ಮನೆಯ ಹಿತ್ತಿಲ ಗೇಟಿಗೆ ಹಗ್ಗ ಬಿಗಿದು ಊರವರ ದಾರಿ ಮುಚ್ಚಿದವಳು ನಾನು. ಕೇಳಲು ಬಂದವರ ಮುಂದೆ ಆ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದವಳೂ ನಾನೇ. ನೀವು ಅಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದಿರಿ — ನಗುತ್ತಾ, ಬಂದವರಿಗೆ ಚಹಾ ಬೇಕೇ ಎಂದು ಸನ್ನೆಯಲ್ಲಿ ಕೇಳುತ್ತಾ. ನಿಮ್ಮ ಗೆಳತಿ ಡೊರಕ್ಕ ನಿಮ್ಮ ಬಳಿ ಬರುವುದನ್ನು ನಿಲ್ಲಿಸಿದ್ದು ಅದರಿಂದಲೇ.

ಇದನ್ನು ನಿಮಗೆ ಹೇಳಬಾರದೆಂದು ನಿಮ್ಮ ಮಗನ ಕಟ್ಟಪ್ಪಣೆ. "ಅವ್ವಗ ಎಪ್ಪತ್ತೆಂಟಾತು. ಬಿಪಿ ಬ್ಯಾರೆ ಐತಿ. ಮುಗಿದದ್ದನ್ನ ಈಗ ಯಾಕ ಕೆದಕತಿ?" ಎಂದು ಪ್ರಶಾಂತ್ ಮೂರು ದಿನದಿಂದ ಹೇಳುತ್ತಿದ್ದಾರೆ. ನಾನು ಕೇಳುವುದಿಲ್ಲ. ಮುಗಿದದ್ದು ಯಾರಿಗೆ? ಅವರಿಗೆ ಮುಗಿದಿರಬಹುದು. ಹೋದ ತಿಂಗಳು ಇಲ್ಲಿ ಅಮೆರಿಕದ ವೆಸ್ಟ್ ಕೊವಿನಾದಲ್ಲಿ, ನಿಮ್ಮ ಕಿರಿಯ ಮಗನ ಮನೆಯಲ್ಲಿ, ನೀವು ಸೂಟ್‌ಕೇಸಿನಿಂದ ಆ ನೀಲಿ ಉಣ್ಣೆಯ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, "ಡೊರಕ್ಕ ಬದುಕ್ಯಾಳೋ ಇಲ್ಲೋ" ಎಂದಿರಲ್ಲ, ಆ ಮಾತು ಕೇಳಿದ ಮೇಲೆ ನನಗಂತೂ ಮುಗಿದಿಲ್ಲ. ಬಿಪಿ ನೆಪದಲ್ಲಿ ನಿಮ್ಮನ್ನು ಮಗುವಿನಂತೆ ನಡೆಸಿಕೊಳ್ಳುವುದೂ ಒಂದು ಅವಮಾನವೇ. ನಲವತ್ತು ವರ್ಷ ಗದಗಿನ ಕನ್ನಡ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದ ಹೆಂಗಸು ಒಂದು ಸತ್ಯ ತಡೆದುಕೊಳ್ಳಲಾರಳೇ?

ನನ್ನ ಕಡೆಯದನ್ನೂ ಹೇಳುತ್ತೇನೆ. ನೆಪಕ್ಕಲ್ಲ — ಆದದ್ದು ಆದ ಹಾಗೆಯೇ ನಿಮಗೆ ಗೊತ್ತಾಗಲೆಂದು.

ಎರಡು ಸಾವಿರದ ಇಪ್ಪತ್ತರ ಬೇಸಿಗೆ ನಿಮಗೆ ನೆನಪಿರಬಹುದು. ಯಾರೂ ಯಾರ ಮನೆಗೂ ಹೋಗದ ಕಾಲ. ಪ್ರಶಾಂತ್ ಮಾತ್ರ ಲ್ಯಾಬಿಗೆ ಹೋಗಲೇಬೇಕಿತ್ತು. ಒಂದು ಮಧ್ಯಾಹ್ನ ಸ್ಯಾನ್ ಡಿಯಾಗೊದ ಸ್ಕ್ರಿಪ್ಸ್ ರ‍್ಯಾಂಚ್‌ನ ನಮ್ಮ ಮನೆಯ ಹಿಂದಿನ ಬೇಲಿ ಹಾರಿ ಯಾರೋ ಒಬ್ಬ ಒಳಗೆ ಬಂದ. ಪ್ಯಾಟಿಯೋದ ಕುರ್ಚಿಯಲ್ಲಿ ಕುಳಿತ. ಗಾಜಿನ ಬಾಗಿಲಿನಿಂದ ಅಡುಗೆಮನೆಯೊಳಗೆ ನೋಡುತ್ತಾ ಒಂದು ಗಂಟೆ ಕುಳಿತಿದ್ದ. ಏನೂ ಮಾಡಲಿಲ್ಲ. ನಾನು ಹನ್ನೊಂದು ವರ್ಷದ ಇಶಾಳನ್ನು ಬಟ್ಟೆಯ ಕಪಾಟಿನೊಳಗೆ ಕೂರಿಸಿಕೊಂಡು, ಅವಳ ಬಾಯಿಗೆ ಕೈ ಅಡ್ಡ ಹಿಡಿದಿದ್ದೆ. ಪೊಲೀಸರು ಬರುವಷ್ಟರಲ್ಲಿ ಅವನು ಎದ್ದು ಹೋಗಿದ್ದ. "ಏನೂ ಆಗಲಿಲ್ಲವಲ್ಲ" ಎಂದರು ಎಲ್ಲರೂ. ಮನೆಯ ನಾಲ್ಕೂ ಮೂಲೆಗೆ ಕ್ಯಾಮೆರಾ ಹಾಕಿಸಿದೆ. ಬೇಲಿ ಎತ್ತರಿಸಿದೆ. ಅದಕ್ಕೆ ನಕ್ಕವರೂ ಇದ್ದರು, ನಗಲಿ.

ಎರಡು ವರ್ಷ ಕಳೆದು ಪ್ರಶಾಂತ್‌ರನ್ನು ಕಂಪನಿ ಇಂಗ್ಲೆಂಡಿಗೆ ಕಳುಹಿಸಿತು. ಅಲ್ಲಿನ ಬಾಡಿಗೆ ಮನೆಯ ಕಾಗದಪತ್ರಗಳಿಗೆಲ್ಲ ನಾನು ಇಲ್ಲಿಂದಲೇ, ಊಟದ ಮೇಜಿನ ಮುಂದೆ ಕುಳಿತು, ಫೋನಿನಲ್ಲಿ ಬೆರಳೊತ್ತಿ ಸಹಿ ಹಾಕಿದೆ. ನಲವತ್ತು ಪುಟ ಯಾರು ಓದುತ್ತಾರೆ! ಅದರ ನಡುವೆಲ್ಲೋ ಬರೆದಿತ್ತಂತೆ — ಹಿತ್ತಿಲ ನಡುವೆ ಹಳೆಯ ಕಾಲುದಾರಿಯೊಂದಿದೆ, ಅಲ್ಲಿ ಯಾರು ಬೇಕಾದರೂ ನಡೆಯಬಹುದು, ಅದನ್ನು ಮುಚ್ಚುವ ಹಕ್ಕು ಮನೆಯಲ್ಲಿರುವವರಿಗೆ ಇಲ್ಲ ಎಂದು.

ಹೋದ ಮೊದಲ ಭಾನುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಕೋಲು ಹಿಡಿದ ಆರು ಜನ, ಎರಡು ನಾಯಿ, ನನ್ನ ಕಿಟಕಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಹಾದುಹೋದರು. ಒಬ್ಬಾಕೆ ಕೈ ಬೀಸಿದಳು. ಒಬ್ಬ ಮೂಗೆತ್ತಿ ವಾಸನೆ ನೋಡಿದ. ಕಂಬಕ್ಕೆ ಬಡಿದಿದ್ದ ಅಂಗೈಯಗಲದ ಬಿಲ್ಲೆಯ ಮೇಲಿನ ಹಳದಿ ಬಾಣ ಅವರಿಗೆ ದಾರಿ ತೋರಿಸುತ್ತಿತ್ತು — ನನ್ನ ಹಿತ್ತಿಲೊಳಗೆ! ಇದು ಅಲ್ಲಿನ ಕಾನೂನು, ಇರಲಿ. ಇವತ್ತಿಗೂ ನಾನು ಇದನ್ನು ಒಪ್ಪುವುದಿಲ್ಲ. ನಾನು ಅಡುಗೆ ಮಾಡುವಾಗ ಅಪರಿಚಿತರು ಇಣುಕುವುದು ಯಾವ ಸಂಸ್ಕೃತಿ ಎಂದು ಆಗಲೂ ಕೇಳಿದ್ದೆ, ಈಗಲೂ ಕೇಳುತ್ತೇನೆ.

ಒಂದು ತಮಾಷೆ ನೋಡಿ. ಸ್ಯಾನ್ ಡಿಯಾಗೊದಲ್ಲಿ ಇಪ್ಪತ್ತು ವರ್ಷ ಇದ್ದರೂ ನಾವು ಎಲ್ಲರಿಗೂ ಇಂಡಿಯಾದವರೇ. ಆ ಹಳ್ಳಿಯಲ್ಲಿ ಕಾಲಿಟ್ಟ ದಿನವೇ ನಾವು 'ಅಮೆರಿಕನ್ನರು' ಆಗಿಬಿಟ್ಟೆವು. ಅಂಗಡಿಯಲ್ಲಿ, ಚರ್ಚಿನ ಮುಂದಿನ ಬೆಂಚಿನಲ್ಲಿ, ಇಶಾಳ ಶಾಲೆಯ ಗೇಟಿನಲ್ಲಿ — ಅಮೆರಿಕನ್ನರು ಬಂದರು, ಅಮೆರಿಕನ್ನರು ಮನೆಯೊಳಗೆ ಹೀಟರ್ ಹಾಕಿಕೊಂಡು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನನಗೆ ಮಾತನಾಡಲು ಇಂಗ್ಲಿಷ್ ಇತ್ತು, ಓಡಿಸಲು ಕಾರಿತ್ತು. ಮೂರು ತಿಂಗಳಾದರೂ ಒಬ್ಬರೂ ನನ್ನ ಮನೆಯಲ್ಲಿ ಕುಳಿತು ಕಾಫಿ ಕುಡಿಯಲಿಲ್ಲ. ಹವೆಯ ಬಗ್ಗೆ ಒಂದು ಮಾತು, ಒಂದು ನಗೆ, ಅಷ್ಟೇ.

ಮೇ ತಿಂಗಳಲ್ಲಿ ನೀವು ಬಂದಿರಿ, ಆರು ತಿಂಗಳ ವೀಸಾದ ಮೇಲೆ. ನಿಮಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಂದ ಮರುದಿನವೇ ಸೇಬಿನ ಮರದಿಂದ ಕಂಬಕ್ಕೆ, ಪೆಟ್ಟಿಗೆಯಲ್ಲಿ ತಂದಿದ್ದ ಹಸಿರು ನೈಲಾನ್ ಹಗ್ಗ ಕಟ್ಟಿ ಸೀರೆ ಒಣಹಾಕಿದಿರಿ. ಸ್ಕ್ರಿಪ್ಸ್ ರ‍್ಯಾಂಚ್‌ನಲ್ಲಿ ಅದಕ್ಕೆ ನಾನೇ ಬಿಡುತ್ತಿರಲಿಲ್ಲ — ನೆರೆಯವರು ಏನೆಂದುಕೊಳ್ಳುವರೋ ಎಂದು. ಆ ಹಳ್ಳಿಯಲ್ಲಿ ಎಲ್ಲರ ಹಿತ್ತಿಲಲ್ಲೂ ಬಟ್ಟೆ ಹಾರಾಡುತ್ತಿತ್ತು. ನಿಮ್ಮ ಇಳಕಲ್ ಸೀರೆಯ ಕೆಳಗೆ ತಲೆ ಬಗ್ಗಿಸಿ ಬಂದು, ಸೆರಗನ್ನು ಮುಟ್ಟಿ ನೋಡಿ, ನಿಮ್ಮ ಪಕ್ಕದಲ್ಲಿ ಕುಳಿತವರೇ ಡೊರೊಥಿ. ಎಂಬತ್ತರ ಹೆಂಗಸು, ಒಂಟಿ, ದಿನಾ ಹತ್ತು ಗಂಟೆಗೆ ಆ ದಾರಿಯಲ್ಲಿ ಅಂಗಡಿಗೆ ಹೋಗುವವರು. ನಿಮ್ಮ ಬಾಯಲ್ಲಿ ಒಂದೇ ವಾರದಲ್ಲಿ ಡೊರಕ್ಕ.

ನೀವು ಕನ್ನಡದಲ್ಲಿ ಹೇಳುತ್ತಿದ್ದಿರಿ, ಅವರು ಇಂಗ್ಲಿಷಿನಲ್ಲಿ. ಇಬ್ಬರಿಗೂ ಅರ್ಥವಾಗುತ್ತಿರಲಿಲ್ಲ, ಇಬ್ಬರೂ ನಿಲ್ಲಿಸುತ್ತಿರಲಿಲ್ಲ. ನೀವು ಎರಡು ಲೋಟ ಮಜ್ಜಿಗೆ ಇಟ್ಟುಕೊಂಡು ಕಾಯುತ್ತಿದ್ದಿರಿ. ಅವರು ಒಗ್ಗರಣೆಯ ಮೆಣಸಿನಕಾಯಿಗೆ ಕೆಮ್ಮಿ, ಕಣ್ಣೊರೆಸಿಕೊಂಡು, ಮತ್ತೆ ಕುಡಿಯುತ್ತಿದ್ದರು. ಅವರಿಂದ ನಿಮಗೆ ಬೀನ್ಸ್, ಸೇಬು, ಕೊನೆಗೆ ಆ ನೀಲಿ ಟೋಪಿ. ನಿಮ್ಮಿಂದ ಅವರಿಗೆ ಶೇಂಗಾ ಉಂಡೆ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿರುತ್ತಿದ್ದೆ. ಡೊರೊಥಿ ನನಗೂ ಕೈ ಬೀಸುತ್ತಿದ್ದರು — ಬೀಸಿ, ಮುಂದೆ ನಿಮ್ಮ ಬಳಿಗೆ ನಡೆಯುತ್ತಿದ್ದರು.

ಇಲ್ಲಿ ನಿಲ್ಲುತ್ತೇನೆ, ಏಕೆಂದರೆ ಇದುವರೆಗೆ ಬರೆದದ್ದು ನನಗೆ ಅನುಕೂಲವಾದ ಭಾಗ. ಭಯವಿತ್ತು, ನಿಜ. ಆದರೆ ಭಯವೊಂದೇ ಆಗಿದ್ದರೆ... ಹೊಟ್ಟೆಕಿಚ್ಚೂ ಇತ್ತು, ಅತ್ತೆ. ಆ ಊರಿನಲ್ಲಿ ನನಗೆ ಸಿಗದ ಗೆಳತಿ ನಿಮಗೆ ಸಿಕ್ಕಿದ್ದರು.

ಸೆಪ್ಟೆಂಬರಿನಲ್ಲಿ ಪ್ರಶಾಂತ್ ಕೆಲಸಕ್ಕೆಂದು ಒಂದು ವಾರ ಸ್ಯಾನ್ ಡಿಯಾಗೊಗೆ ಹೋದರು. ಮಂಗಳವಾರ ಬೆಳಿಗ್ಗೆ ತಲೆಗೆ ಮುಸುಕು ಹಾಕಿದ ಎತ್ತರದ ಗಂಡಸೊಬ್ಬ ನನ್ನ ಕಿಟಕಿಯ ಬಳಿ ಬಗ್ಗಿ ನಿಂತಿದ್ದ. ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದನಷ್ಟೇ. ಕಟ್ಟಿಕೊಂಡು ಹೊರಟುಹೋದ. ನೀವು ಸ್ನಾನಕ್ಕೆ ಹೋಗಿದ್ದಿರಿ. ನಾನು ಹಿತ್ತಿಲಿಗೆ ಹೋಗಿ ನಿಮ್ಮ ಬಟ್ಟೆ ಒಣಹಾಕುವ ಹಗ್ಗದಲ್ಲಿ ಅರ್ಧ ಕತ್ತರಿಸಿ ಗೇಟಿಗೆ ಏಳೆಂಟು ಸುತ್ತು ಸುತ್ತಿ ಗಂಟು ಹಾಕಿದೆ. ಕಂಬದ ಬಿಲ್ಲೆಯನ್ನು ಸ್ಕ್ರೂಡ್ರೈವರಿನಿಂದ ಕಿತ್ತೆ. ತಂದು ಅಡುಗೆಮನೆಯ ಡ್ರಾಯರಿಗೆ ಎಸೆದೆ. ಅರ್ಧ ಹಗ್ಗ ಎಲ್ಲಿ ಎಂದು ನೀವು ಆಮೇಲೆ ಕೇಳಿದಿರಿ, ಹರಿಯಿತು ಎಂದೆ; ಗಿಡಗಳ ಮರೆಯಲ್ಲಿದ್ದ ಗೇಟಿನ ಗಂಟು ನಿಮ್ಮ ಕಣ್ಣಿಗೆ ಬೀಳಲಿಲ್ಲ.

ನೀವು ಸ್ನಾನ ಮುಗಿಸಿ ಹಿತ್ತಿಲಿಗೆ ಬರುವಷ್ಟರಲ್ಲಿ ಡೊರೊಥಿ ಗೇಟಿನವರೆಗೂ ಬಂದು, ಗಂಟು ನೋಡಿ ಹಿಂದಿರುಗಿ, ಸುತ್ತಿನ ರಸ್ತೆ ಹಿಡಿದರಂತೆ. ಆ ರಸ್ತೆಗೆ ಪಕ್ಕದಲ್ಲಿ ನಡೆಯುವ ಜಾಗವಿಲ್ಲ. ಕಾರಿಗೆ ದಾರಿ ಬಿಡಲು ಒದ್ದೆ ಹುಲ್ಲಿನ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು.

ಮರುದಿನ ಊರಿನ ಕಾಲುದಾರಿಗಳನ್ನು ನೋಡಿಕೊಳ್ಳುವ ಹಿರಿಯರೊಬ್ಬರು ನಮ್ಮ ಮನೆಗೆ ಬಂದರು. ಕೋಪವಿರಲಿಲ್ಲ, ಬಲು ಮರ್ಯಾದೆಯಿಂದ ಮಾತನಾಡಿದರು. ಅದೇ ನನ್ನನ್ನು ಕೆರಳಿಸಿತು. ಅಡುಗೆಮನೆಯಲ್ಲಿ ಕೂರಿಸಿದೆ. ನೀವು ಮಜ್ಜಿಗೆ ಲೋಟದ ಮೇಲೆ ಏನೋ ಮುಚ್ಚಿಟ್ಟಿದ್ದಿರಿ — ಡ್ರಾಯರಿನಲ್ಲಿ ಸಿಕ್ಕಿದ್ದ ಆ ಬಿಲ್ಲೆ, ಹಳದಿ ಬಾಣ ಮೇಲಾಗಿ. ಅವರು ಅದನ್ನು ನೋಡಿದರು. ಕಿಟಕಿಯಾಚೆ ಉಳಿದರ್ಧ ಹಸಿರು ಹಗ್ಗದಲ್ಲಿ ನೇತಾಡುತ್ತಿದ್ದ ನಿಮ್ಮ ಸೀರೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರು ಏನೂ ಕೇಳುವ ಮೊದಲೇ ನಾನು ಇಂಗ್ಲಿಷಿನಲ್ಲಿ ಹೇಳಿದೆ:

"ಇದು ನಮ್ಮ ಅತ್ತೆ ಮಾಡಿದ್ದು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಇಲ್ಲಿನ ರೀತಿನೀತಿ ತಿಳಿಯುವುದಿಲ್ಲ. ಬೇರೆಯವರು ಹಿತ್ತಿಲಿಗೆ ಬರುವುದು ಅವರಿಗೆ ಇಷ್ಟವಿಲ್ಲ. ದಯವಿಟ್ಟು ತಪ್ಪು ತಿಳಿಯಬೇಡಿ."

ಕೊನೆಯ ವಾಕ್ಯದ ಹಿಂದಿನದನ್ನು ಇನ್ನೊಮ್ಮೆ ಓದಿ. ಅದರ ಅಗತ್ಯವೇ ಇರಲಿಲ್ಲ. ಮೊದಲಿನದು ಹೆದರಿಕೆಯಿಂದ ಬಂದ ಸುಳ್ಳೆಂದರೂ, ಇದು — ಇದನ್ನು ನಾನು ಬೇಕೆಂದೇ ಸೇರಿಸಿದೆ. ಅವರು ನಿಮ್ಮ ಕಡೆ ತಿರುಗಿ, ಪರವಾಗಿಲ್ಲ ಎನ್ನುವಂತೆ ಮುಗುಳ್ನಕ್ಕರು. ನೀವು ಎರಡೂ ಕೈ ಜೋಡಿಸಿ ಆ ಸುಳ್ಳಿಗೆ ನಮಸ್ಕಾರ ಮಾಡಿದಿರಿ.

ನೆಗಡಿಯೆಂದು ಶಾಲೆಗೆ ಹೋಗದ ಇಶಾ ಮೆಟ್ಟಿಲ ಮೇಲೆ ಕುಳಿತಿದ್ದಳು. ಮನೆಯಲ್ಲಿ ಎರಡೂ ಭಾಷೆ ತಿಳಿದ ಇನ್ನೊಬ್ಬಳು ಅವಳೇ. ಅವರು ಹೋದ ಮೇಲೆ, "ಮಾಮ್, ಯು ಲೈಡ್ ಅಬೌಟ್ ಅಜ್ಜಿ" ಎಂದಳು. ನಾನು ಅವಳನ್ನು ಗದರಿಸಿ ಮೇಲೆ ಕಳುಹಿಸಿದೆ.

ನಾನು ಹಗ್ಗ ಬಿಚ್ಚಿದೆ, ಆ ಹಿರಿಯರು ಬಿಲ್ಲೆಯನ್ನು ಮತ್ತೆ ಕಂಬಕ್ಕೆ ಬಡಿದರು. ಕೋಲಿನವರೂ ನಾಯಿಗಳೂ ಮತ್ತೆ ಓಡಾಡಿದರು. ಡೊರೊಥಿ ಬರಲಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡು ಅದೇ ಸುತ್ತಿನ ರಸ್ತೆಯಲ್ಲೇ ಅಂಗಡಿಗೆ ಹೋಗುತ್ತಿದ್ದರು. ಕಾರಿನಲ್ಲಿ ಹೋಗುವಾಗ ನಾನು ಎರಡು ಸಲ ಕಂಡೆ. ಮುರಿದ ಮೂಳೆ ಕೂಡುತ್ತದೆ. ಆದರೆ ಆ ಹಿರಿಯರಿಂದ ನನ್ನ ಮಾತು ಕೇಳಿ, ಗೆಳತಿಯೇ ತನ್ನ ಮುಖಕ್ಕೆ ಗೇಟು ಬಿಗಿದಳೆಂದು ಅವರು ನಂಬಿದ್ದರು, ಹಾಗೆ ನಂಬಿಸಿದ್ದು ನಾನು. ಅಕ್ಟೋಬರ್ ಪೂರ್ತಿ ನೀವು ಹತ್ತು ಗಂಟೆಗೆ ಎರಡು ಲೋಟ ಇಟ್ಟುಕೊಂಡು, ಶಾಲು ಹೊದ್ದು, ಆ ಚಳಿಯಲ್ಲಿ ಕುಳಿತಿರುತ್ತಿದ್ದಿರಿ.

"ಡೊರಕ್ಕ ಯಾಕ ಬರವಲ್ಲಳವಾ? ನನ್ನ ಕೈಲೇ ಏನರ ತಪ್ಪಾತೇನು?"

"ಅವ್ರಿಗೂ ವಯಸ್ಸಾಯ್ತಲ್ಲ ಅತ್ತೆ. ಚಳಿ ಬೇರೆ. ಬರಕ್ಕಾಗಲ್ಲ ಅಷ್ಟೇ."

ನವೆಂಬರಿನಲ್ಲಿ ನೀವು ವಾಪಸು ಹೊರಟ ದಿನ ಕಾರು ಅವರ ಮನೆಯ ಮುಂದೆಯೇ ಹಾದುಹೋಯಿತು. ನಿಲ್ಲಿಸು ಎಂದಿರಿ. ಫ್ಲೈಟಿಗೆ ಹೊತ್ತಾಗುತ್ತದೆ ಎಂದೆ. ಹೊತ್ತಾಗುತ್ತಿರಲಿಲ್ಲ.

ನಾವೂ ಮರುವರ್ಷ ಸ್ಕ್ರಿಪ್ಸ್ ರ‍್ಯಾಂಚ್‌ಗೆ ಮರಳಿದೆವು. ಬೇಲಿ ಇಲ್ಲಿ ಈಗಲೂ ಎತ್ತರವಾಗಿಯೇ ಇದೆ, ಕ್ಯಾಮೆರಾಗಳೂ ಇವೆ. ಅವುಗಳನ್ನು ತೆಗೆಸುವುದಿಲ್ಲ. ಹೆದರಿದ್ದಕ್ಕೆ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ, ಆ ಊರಿನ ಕಾನೂನು ಚೆಂದವಿತ್ತೆಂದು ಈಗ ಹೇಳಲೂ ಹೊರಟಿಲ್ಲ. ನಾನು ತಲೆ ತಗ್ಗಿಸುವುದು ಒಂದಕ್ಕೆ. ನಿಮಗೆ ತಿಳಿಯದ ಭಾಷೆಯಲ್ಲಿ, ನಿಮ್ಮ ಎದುರಿನಲ್ಲೇ, ನಿಮ್ಮ ಬಾಯಾಗಿ ನಿಂತು ನಿಮ್ಮ ಹೆಸರು ಕೆಡಿಸಿದೆ. ನೀವು ನನ್ನನ್ನು ನಂಬಿ ನಗುತ್ತಿದ್ದಿರಿ. ಆ ನಗುವಿಗೆ ನನ್ನ ಬಳಿ ಯಾವ ಸಮಜಾಯಿಷಿಯೂ ಇಲ್ಲ.

ನೀವು ಟೋಪಿ ತೆಗೆದ ದಿನ ಎರಡು ಗಂಟೆಯ ದಾರಿ ಕಾರಿನಲ್ಲಿ ಹಿಂದಿರುಗಿದೆವು. ಮನೆ ಮುಂದೆ ಕಾರು ನಿಂತಾಗ ಇಶಾ, "ಯು ಟೆಲ್ ಹರ್, ಆರ್ ಐ ವಿಲ್" ಎಂದಳು. ಅದೇ ದಿನ ಡೊರೊಥಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೆದೆ — ಹಗ್ಗ, ಬಿಲ್ಲೆ, ನಾನು ಆಡಿದ ಮಾತು, ಇದ್ದದ್ದು ಇದ್ದ ಹಾಗೆ. ಬದುಕಿದ್ದಾರೋ ಇಲ್ಲವೋ ತಿಳಿಯದೆಯೇ ಹಳೆಯ ವಿಳಾಸಕ್ಕೆ ಕಳುಹಿಸಿದೆ. ಬದುಕಿದ್ದಾರೆ, ಅತ್ತೆ. ಮೂರು ದಿನದ ಹಿಂದೆ ಉತ್ತರ ಬಂತು. ಲಕೋಟೆಯ ಮೇಲೆ ನಮ್ಮ ಮನೆಯ ವಿಳಾಸವಿದೆ, ಹೆಸರು ಮಾತ್ರ ನಿಮ್ಮದು: ಗಂಗಾ. ನನ್ನ ಹೆಸರಿಗೆ ಏನೂ ಬಂದಿಲ್ಲ. ಬರಬೇಕಾಗಿಯೂ ಇರಲಿಲ್ಲ. ತೆರೆದು ಓದಿ, ಬೇಡದ್ದನ್ನು ನುಂಗಿ, ನಿಮಗೆ ಹಿತವಾದಷ್ಟನ್ನು ಹೇಳು ಎನ್ನುತ್ತಾರೆ ನಿಮ್ಮ ಮಗ. ನಾನು ತೆರೆದಿಲ್ಲ.

ಭಾನುವಾರ ಹತ್ತು ಗಂಟೆಗೆ ವೆಸ್ಟ್ ಕೊವಿನಾಕ್ಕೆ ಬರುತ್ತೇವೆ. ಈ ಕಾಗದ ಅದಕ್ಕೂ ಮೊದಲೇ ನಿಮ್ಮ ಕೈ ಸೇರಿರುತ್ತದೆ. ಇದು ಕನ್ನಡದಲ್ಲಿದೆ, ಓದಿಕೊಳ್ಳಲು ನಿಮಗೆ ಯಾರೂ ಬೇಕಿಲ್ಲ. ಡೊರಕ್ಕನ ಪತ್ರವನ್ನು ಇಶಾ ಓದಿ ಹೇಳುತ್ತಾಳೆ. ಅವಳ ಕನ್ನಡ ಹರಕು ಮುರುಕು, ಎಷ್ಟೋ ಪದ ಬರುವುದಿಲ್ಲ, ತಡವರಿಸುತ್ತಾಳೆ. ಆದರೂ ನಿಮ್ಮ ಪರವಾಗಿ ಬಾಯಿ ತೆರೆಯುವ ಹಕ್ಕು ಈಗ ಅವಳದು, ನನ್ನದಲ್ಲ. ನಾನು ಹೊರಗೆ, ಗೇಟಿನ ಬಳಿ ನಿಂತಿರುತ್ತೇನೆ. ಒಳಗೆ ಕರೆಯುವುದೂ ಬಿಡುವುದೂ ನಿಮಗೆ ಬಿಟ್ಟದ್ದು.