ತೊಳೆದ ಪೆಟ್ರೋಲು

ಹೋದ ಭಾನುವಾರ ಕುಕನೂರಿನ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ನಮ್ಮ ಹಳೇ ಪಿಕಪ್ ನಿಲ್ಲಿಸಿಕೊಂಡಿದ್ದೆ. ಟ್ಯಾಂಕಿನ ಮುಚ್ಚಳ ತೆಗೆದ ಕೂಡಲೇ ವಾಸನೆ ಬಂತು. ಪೆಟ್ರೋಲಿನ ವಾಸನೆ ನಿಮಗೆ ಗೊತ್ತಿದ್ದದ್ದೇ. ಈಗೀಗ ಅದರೊಳಗೆ ಇನ್ನೊಂದು ವಾಸನೆಯೂ ಸೇರಿಕೊಂಡಿದೆ. ಸೂಜಿ ಚುಚ್ಚುವ ಮೊದಲು ತೋಳಿಗೆ ಒರೆಸುತ್ತಾರಲ್ಲ, ಆ ಸ್ಪಿರಿಟ್ಟಿನದು. ಅದು ನನ್ನ ಮೂಗಿನ ಭ್ರಮೆ ಎಂದು ಮನೆಯವಳು ಹೇಳುತ್ತಾಳೆ. ಇರಬಹುದು. ಪಕ್ಕದ ಸೀಟಿನಲ್ಲಿದ್ದ, ನಮ್ಮ ಅಕ್ಕನ ಬಳಿ ಕೆಲಸ ಮಾಡುವ ಗಂಗವ್ವನಿಗೂ ಅದೇ ಭ್ರಮೆ ಇದ್ದಂತಿತ್ತು. ಆಕೆ ಸೆರಗನ್ನು ಮೂಗಿಗೆ ಹಿಡಿದು, ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಆ ಕೈಯ ಸಂಗತಿಯನ್ನೇ ನಿಮಗೆ ಹೇಳಬೇಕಾಗಿದೆ. ಹೇಳಲು ಭಯ, ಹೇಳದೆ ಇಟ್ಟುಕೊಳ್ಳಲು ಇನ್ನೂ ಭಯ.

ಭಯ ನನಗೆ ಹೊಸದೇನಲ್ಲ. ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೆ, ಬೀಗ ಎಳೆದು ನೋಡಲು ವಾಪಸ್ ಬರುವ ಜಾತಿ ನನ್ನದು. ಗ್ಯಾಸಿನ ರೆಗ್ಯುಲೇಟರನ್ನು ದಿನಕ್ಕೆ ನಾಲ್ಕು ಸಲ ಮುಟ್ಟಿ ನೋಡುತ್ತೇನೆ. ಯಲಬುರ್ಗಾದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವುದು ನನ್ನ ಕಸುಬು. ಬೆಂಕಿ, ವಿದ್ಯುತ್ತು, ಆಮ್ಲ ಎಲ್ಲವನ್ನೂ ಮಕ್ಕಳಿಗೆ ಧೈರ್ಯವಾಗಿ ವಿವರಿಸಿ, ಮನೆಗೆ ಬಂದು ಸ್ವಿಚ್ಚನ್ನು ಒಣ ಟವೆಲ್ಲಿನಿಂದ ಒತ್ತುವವನು ನಾನು.

ನಮ್ಮ ಅಕ್ಕ ಇದಕ್ಕೆ ತೀರ ಉಲ್ಟಾ. ಕುಕನೂರಿನಲ್ಲಿ ಆರು ಮಂದಿ ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡಿಸುತ್ತಾಳೆ. ಹಿತ್ತಲಿನ ತಗಡಿನ ಚಪ್ಪರದಡಿ ನಾಲ್ಕು ಕಟ್ಟಿಗೆ ಒಲೆ. ನಸುಕಿನಿಂದ ಮಧ್ಯಾಹ್ನದವರೆಗೆ ರೊಟ್ಟಿ ಬಡಿಯುವ ಸಪ್ಪಳ. ಒಣಗಿದ ರೊಟ್ಟಿ ಕೊಪ್ಪಳ, ಗಂಗಾವತಿಯ ಖಾನಾವಳಿಗಳಿಗೆ ಹೋಗುತ್ತದೆ. ಅಂಜನಾದ್ರಿ ಬೆಟ್ಟಕ್ಕೆ ಬರುವ ಮಂದಿ ಹೆಚ್ಚಾದ ಮೇಲೆ ಹನುಮನಹಳ್ಳಿಯ ಊಟದ ಮನೆಗಳಿಗೂ ಹೋಗುತ್ತದೆ. ಒಯ್ಯುವುದು ನಮ್ಮ ಅಪ್ಪ ಬಿಟ್ಟುಹೋದ ಪಿಕಪ್. ಜೀಪಿನ ಮೂತಿ, ಹಿಂದೆ ತಗಡಿನ ತೊಟ್ಟಿ. ಸುತ್ತಮುತ್ತಲಿನ ಪಿಕಪ್‌ಗಳೆಲ್ಲ ಡೀಸೆಲ್ ಕುಡಿಯುವವು, ಇದೊಂದೇ ಪೆಟ್ರೋಲಿನದು. ಅಕ್ಕನೇ ಓಡಿಸುತ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಆಕೆ ಗೇರು ಹಾಕಿದಾಗ ಪಕ್ಕದಲ್ಲಿ ಕೂತ ನಾನು ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಿರುತ್ತೇನೆ.

ಪೆಟ್ರೋಲಿಗೆ ಎಥನಾಲ್ ಬೆರೆಸುವುದು ಹೆಚ್ಚಾದಾಗಿನಿಂದ ಗಾಡಿ ತಕರಾರು ಶುರುಮಾಡಿತು. ಮುಂಜಾನೆ ಹತ್ತು ಸಲ ಚಾವಿ ತಿರುಗಿಸಬೇಕು. ಎಂಜಿನ್ನಿನ ಕೆಳಗೆ ಹನಿಹನಿ ಸೋರಿಕೆ. ಒಂದು ದಿನ ಗಂಗಾವತಿಯ ದಾರಿಯಲ್ಲಿ ನಿಂತೇಬಿಟ್ಟು, ರೊಟ್ಟಿಯ ಗಂಟುಗಳನ್ನು ಬೇರೆಯವರ ಟಂಟಂ ಆಟೋದಲ್ಲಿ ಕಳಿಸಬೇಕಾಯಿತು. ಮರುದಿನವೇ ಅಕ್ಕ ಯಲಬುರ್ಗಾಕ್ಕೆ, ನಮ್ಮ ಮನೆಗೆ ಬಂದು ಕೂತಳು.

"ತಮ್ಮಾ, ನೀ ಸೈನ್ಸ್ ಮಾಸ್ತರ ಅದಿ. ಪೆಟ್ರೋಲ್‌ನ್ಯಾಗ ಏನ ಹಾಕಾಕತ್ಯಾರ ಹೇಳ."

"ಸ್ಪಿರಿಟ್ ಇದ್ದಂಗ ಯಕ್ಕಾ. ಕಬ್ಬು, ಗೋವಿನಜ್ವಾಳ ಇಂಥಾದ್ರಿಂದ ತಗೀತಾರ."

"ಛಲೋ ಆತ ಬಿಡು. ನಾವು ಬಿಳಿಜ್ವಾಳ ತಿಂತೀವಿ, ಗಾಡಿ ಗೋವಿನಜ್ವಾಳ ತಿಂತೈತಿ. ಅದಕ್ಕ ಹೊಟ್ಟಿ ಕೆಟ್ಟೈತಿ."

ಅಲ್ಲಿಗೆ ನಕ್ಕು ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮಾಸ್ತರಿಕೆ ಸುಮ್ಮನೆ ಕೂರಲು ಬಿಡುತ್ತದೆಯೇ? ಅಕ್ಕನ ಎದುರು ಜಾಣನಾಗುವ ಅವಕಾಶ ಜನ್ಮದಲ್ಲಿ ನನಗೆ ಸಿಕ್ಕದ್ದೇ ಕಡಿಮೆ. ಒಂದು ಗಾಜಿನ ಸೀಸೆ ತಂದೆ. ಪೆಟ್ರೋಲು ಹಾಕಿ, ಮೇಲೆ ಸ್ವಲ್ಪ ನೀರು ಹಾಕಿ, ಅಲುಗಾಡಿಸಿ ಕಟ್ಟೆಯ ಮೇಲಿಟ್ಟೆ. ನೀರು ತಳಕ್ಕೆ ಇಳಿಯಿತು. ಆದರೆ ನಾನು ಹಾಕಿದ್ದಕ್ಕಿಂತ ಹೆಚ್ಚು ನೀರಿತ್ತು! ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗಿ ಕೂತಿತ್ತು. ಅಕ್ಕ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಹಂಗಾರ ಮ್ಯಾಲಿಂದು?"

"ಮ್ಯಾಲಿಂದು ಅಸಲಿ ಪೆಟ್ರೋಲ್," ಎಂದೆ. ಆಗ ನನ್ನ ಎದೆ ಎಷ್ಟು ಉಬ್ಬಿತ್ತು ಎಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ಕುಕನೂರಿಗೆ ಹೋದರೆ, ಅಕ್ಕ ಕುಡಿಯುವ ನೀರಿನ ಇಪ್ಪತ್ತು ಲೀಟರ್ ಕ್ಯಾನಿನಲ್ಲಿ ಪೆಟ್ರೋಲು ತೊಳೆಯುತ್ತಿದ್ದಳು. ಕ್ಯಾನಿನ ತಳದಲ್ಲಿ ನಲ್ಲಿ. ನೀರು ಬೆರೆಸಿ ಕಲಕುವುದು, ತಿಳಿಯಾಗುವವರೆಗೆ ಬಿಡುವುದು, ನಲ್ಲಿ ತಿರುಗಿಸಿ ತಳದ ನೀರನ್ನು ಬಿಡುವುದು, ಉಳಿದದ್ದನ್ನು ಗಾಡಿಗೆ ಹಾಕುವುದು. "ಅಕ್ಕಿ ತೊಳದಂಗ ಐತಿ ನೋಡೋ," ಎಂದಳು. ಆಚೆ ನಾಲ್ಕು ಒಲೆ ಉರಿಯುತ್ತಿವೆ, ಈಚೆ ಕ್ಯಾನಿನಲ್ಲಿ ಪೆಟ್ರೋಲು!

"ಯಕ್ಕಾ, ಒಲಿಗೆ ದೂರ ಇಡಬೇ."

"ಕಣ್ಣ ಕಾಣಂಗಿಲ್ಲೇನ ನಿನಗ? ದೂರನ ಐತಿ."

ಹೆಜ್ಜೆ ಎಣಿಸಿದೆ. ಮೂವತ್ತಾಯಿತು. ಸಾಲದು ಎನಿಸಿ, ಕ್ಯಾನನ್ನು ಗೋಡೆಯಾಚೆ ಇಡಿಸಿದೆ. ಮುಂದಿನ ವಾರ ಒಂದು ಬಕೆಟ್ ಮರಳು ತಂದಿಟ್ಟೆ. ಹೆಂಗಸರೆಲ್ಲ ನಕ್ಕರು. ರೊಟ್ಟಿ ಬಡಿಯುವುದರಲ್ಲಿ ಎಲ್ಲರಿಗಿಂತ ಜೋರಿನವಳಾದ ಗಂಗವ್ವ, "ಮಾಸ್ತರ, ಉಸುಕಿನ್ಯಾಗ ನಿಮ್ಮ ಮನಿ ಕಟ್ಟಸ್ತೀರೇನ್ರಿ?" ಎಂದು ಕೇಳಿದಳು. ಗಾಡಿಯೂ ಹಾಗೂ ಹೀಗೂ ಓಡುತ್ತಿತ್ತು. ಏರು ಬಂದಾಗ ಎಂಜಿನ್ ಕಟಕಟ ಅನ್ನುತ್ತಿತ್ತು. ಅಸಲಿ ಪೆಟ್ರೋಲಿನ ತಾಕತ್ತು ಅದು ಎಂದು ಅಕ್ಕ ನಂಬಿದಳು. ಎಥನಾಲ್ ತೆಗೆದರೆ ಪೆಟ್ರೋಲಿನ ಗುಣ ಇಳಿದು ಎಂಜಿನ್ ಹಾಗೆ ಬಡಿಯುತ್ತದೆ ಎಂದು ನಾನು ತಿದ್ದಲಿಲ್ಲ.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಗಂಗಾವತಿ, ಕಾರಟಗಿಯ ಕಡೆಯವರಿಗೆ ಕಾಲುವೆಯಿದೆ. ನಮ್ಮ ಕಡೆ ನಲ್ಲಿ ನೀರು ಬಂದ ದಿನವೇ ಹಬ್ಬ. ಆದ್ದರಿಂದ ಒಮ್ಮೆ ಬಳಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ಅಕ್ಕನ ಬಚ್ಚಲಿನ ಪಕ್ಕ ಸಾಲಾಗಿ ಮೂರು ಬಕೆಟ್. ಅಕ್ಕಿ, ಬೇಳೆ ತೊಳೆದ ನೀರು ಎಮ್ಮೆಗೆ. ಕೈ ತೊಳೆದ ನೀರು ಗಿಡಕ್ಕೆ. ಎರಡಕ್ಕೂ ಬಾರದ ಹೊಲಸು ನೀರು ಮೂರನೆಯ ಬಕೆಟ್ಟಿಗೆ. ಕೆಲಸ ಮುಗಿದ ಮೇಲೆ ಒಲೆಯ ಕೆಂಡ ಆರಿಸಲು ಅದು. ಪೆಟ್ರೋಲು ತೊಳೆದ ನೀರನ್ನು ಅಕ್ಕ ಎಮ್ಮೆಗೆ ಕೊಡುವಳೇ? ಗಿಡಕ್ಕೆ ಹಾಕುವಳೇ? ಮೂರನೆಯ ಬಕೆಟ್ಟಿಗೆ ಸುರಿದಳು.

ನಾನು ಪ್ರತಿ ವಾರ ಕ್ಯಾನನ್ನು ನೋಡಿದೆ, ಗೋಡೆಯನ್ನು ನೋಡಿದೆ, ಮರಳನ್ನು ನೋಡಿದೆ. ಬಕೆಟ್ಟನ್ನು ನೋಡಲಿಲ್ಲ. ಅದು ನೀರು ತಾನೇ! ಅರ್ಧಕ್ಕರ್ಧ ಸ್ಪಿರಿಟ್ ಎಂದು ಲೆಕ್ಕ ಹಾಕಬಲ್ಲವನು ಆ ಹಿತ್ತಲಿನಲ್ಲಿ ನಾನೊಬ್ಬನೇ ಇದ್ದೆ. ಅಷ್ಟು ದಿನ ಬೇರೆ ನೀರೂ ಸೇರಿ ತೆಳುವಾಗುತ್ತಿದ್ದುದರಿಂದ ಏನೂ ಆಗಿರಲಿಲ್ಲ. ಆ ವಾರ ನಲ್ಲಿ ನೀರು ಬರಲಿಲ್ಲ. ಮೂರನೆಯ ಬಕೆಟ್ಟಿನಲ್ಲಿ ಇದ್ದದ್ದು ಅದೊಂದೇ.

ಅದು ಭಾನುವಾರದ ಮಧ್ಯಾಹ್ನ. ನಾನು ಕಟ್ಟೆಯ ಮೇಲೆ ಬಿಸಿ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದೆ. ಗಂಗವ್ವ ಮೂರನೆಯ ಬಕೆಟ್ಟಿನಿಂದ ಚರಿಗೆ ತುಂಬಿಕೊಂಡು ಬಂದು ಎಂದಿನಂತೆ ಕೆಂಡದ ಮೇಲೆ ಸುರಿದಳು. ಹಗಲು ಬೆಳಕಿನಲ್ಲಿ ಸ್ಪಿರಿಟ್ಟಿನ ನೀಲಿ ಉರಿ ನನಗೆ ಸರಿಯಾಗಿ ಕಾಣಲೇ ಇಲ್ಲ. ಆಕೆಯ ಚೀರಾಟ ಕೇಳಿತು. ಆಮೇಲೆ ಸೆರಗು ಹೊತ್ತಿಕೊಂಡದ್ದು ಕಂಡಿತು. ಅಕ್ಕ ಒಳಗಿನಿಂದ ದಪ್ಪ ಕೌದಿ ತಂದು ಹೊದಿಸಿ, ಗಂಗವ್ವನ ಮೇಲೆ ಬಿದ್ದು ಆರಿಸಿದಳು. ನಾನು ಮರಳಿನ ಬಕೆಟ್ ಹಿಡಿದು ನಿಂತಿದ್ದೆ. ಎಲ್ಲಿಗೆ ಎರಚಬೇಕೆಂದೇ ತಿಳಿಯಲಿಲ್ಲ.

ಮೊಣಕೈಯಿಂದ ಕೆಳಗೆ ಚರ್ಮ ಸುಲಿದಿತ್ತು. ಆಂಬುಲೆನ್ಸಿಗೆ ಫೋನ್ ಮಾಡುವ ಬುದ್ಧಿ ಯಾರಿಗೂ ಹೊಳೆಯಲಿಲ್ಲ. ಪಿಕಪ್ಪಿಗೆ ಹತ್ತಿಸಿ ಕೊಪ್ಪಳಕ್ಕೆ ಹೊರಟೆವು. ಅರ್ಧ ದಾರಿಯೊಳಗೆ ಎರಡು ಸಲ ನಿಂತಿತು ಆ ಗಾಡಿ, ನಾವೇ ಕಷ್ಟಪಟ್ಟು ತೊಳೆದ ಪೆಟ್ರೋಲು ಕುಡಿದು. ಅಕ್ಕ ಚಾವಿ ತಿರುಗಿಸುತ್ತಿದ್ದಳು, ನಾನು ಹಿಂದಿನಿಂದ ನೂಕುತ್ತಿದ್ದೆ. ಗಂಗವ್ವ "ಯವ್ವಾ, ಯವ್ವಾ" ಎಂದು ನರಳುವುದು ನಿಂತು, ಸುಮ್ಮನಾದಾಗ ನನಗೆ ಜೀವವೇ ಹೋದಂತಾಯಿತು. ಅಷ್ಟು ಹೆದರಿಕೆಯನ್ನು ನಾನು ಹಿಂದೆ ಕಂಡಿರಲಿಲ್ಲ.

ಆಕೆ ಉಳಿದಳು. ಆದರೆ ಬಲಗೈಯ ಎರಡು ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ರೊಟ್ಟಿ ಬಡಿಯುವವಳಿಗೆ ಅದು ಏನೆಂದು ನಾನು ಹೇಳಬೇಕಾಗಿಲ್ಲ. ಈಗ ಆಕೆ ರೊಟ್ಟಿ ಕಟ್ಟಿ, ಗಾಡಿಯ ಜೊತೆ ಹೋಗಿ ಕೊಟ್ಟು ಬರುತ್ತಾಳೆ. ದವಾಖಾನೆಯ ಬಾಗಿಲಲ್ಲಿ ಆಕೆಯ ಗಂಡ, "ಪೆಟ್ರೋಲ್ ತೊಳಿಯೂ ಬುದ್ಧಿ ಯಾರ ಕೊಟ್ರು ನಿಮಗ?" ಎಂದು ಕೂಗಿದಾಗ ಅಕ್ಕ, "ನನಗ ಹೊಳೀತು, ನಾ ಮಾಡಿದೆ. ತಪ್ಪು ನಂದ," ಎಂದಳು. ನಾನು ಆಕೆಯ ಹಿಂದೆ ನಿಂತು ನನ್ನ ಚಪ್ಪಲಿ ನೋಡಿಕೊಂಡೆ.

ಗಾಡಿಯನ್ನು ಆಮೇಲೆ ಕೊಪ್ಪಳದ ಹಳೇ ಮಿಸ್ತ್ರಿ ಖಾದರಸಾಬರಿಗೆ ತೋರಿಸಿದೆವು. ಬಾನೆಟ್ ಎತ್ತಿ, ಒಂದು ಪೈಪನ್ನು ಬೆರಳಿನಿಂದ ಒತ್ತಿದರು. ನೆನೆದ ಅವಲಕ್ಕಿಯಷ್ಟು ಮೆತ್ತಗಾಗಿತ್ತು. "ಹಳೀ ರಬ್ಬರ್ ಈ ಸ್ಪಿರಿಟ್ ಬೆರಸಿದ ಪೆಟ್ರೋಲ್ ತಡಕೊಳ್ಳೂದಿಲ್ರಿ ಅಕ್ಕಾರ. ಪೈಪು, ವಾಷರ್ ಬದಲಿ ಮಾಡಸಬೇಕು. ಅರ್ಧ ದಿನದ ಕೆಲಸ. ಪೆಟ್ರೋಲ್ ಯಾರರ ತೊಳೀತಾರೇನ್ರಿ?" ಎಂದರು. ಅವನ್ನು ಬದಲಿಸಿದೆವು. ಅಂದಿನಿಂದ ಬಂಕಿನಲ್ಲಿ ಕೊಟ್ಟದ್ದನ್ನೇ ಹಾಕುತ್ತೇವೆ, ಗಾಡಿ ಓಡುತ್ತಿದೆ.

ಹೋದ ಭಾನುವಾರ ಅಕ್ಕ ಮದುವೆಗೆ ಹೋಗಿದ್ದಳು. ಅದಕ್ಕೇ ಸ್ಟೀರಿಂಗು ನನ್ನ ಕೈಯಲ್ಲಿತ್ತು. ಬಂಕಿನಿಂದ ಹೊರಟು ಸ್ವಲ್ಪ ದೂರ ಹೋದವನು, ಇನ್ನು ತಡೆಯಲಾರದೆ ಗಾಡಿಯನ್ನು ಪಕ್ಕಕ್ಕೆ ಹಾಕಿದೆ.

"ಗಂಗವ್ವಾ, ಪೆಟ್ರೋಲ್ ತೊಳಿಯೂದು ಅಕ್ಕಗ ಹೊಳದದ್ದಲ್ಲ. ನಾನ ಸೀಸೆದಾಗ ಮಾಡಿ ತೋರಿಸಿದ್ದೆ."

ಬೈದರೆ ಬೈಯಲಿ ಎಂದು ಕಾಯುತ್ತಿದ್ದೆ.

"ಸೀಸೆದಾಗ ಇನ್ನ ಯಾರ್ಯಾರಿಗೆ ತೋರಿಸೀರಿ?"

ಹೆಚ್ಚಿನ ಮಾಸ್ತರರಿಗೆ ಇರುವಂತೆ ನನಗೂ ಮಕ್ಕಳ ಕೈಯಲ್ಲಿ ಭೇಷ್ ಅನ್ನಿಸಿಕೊಳ್ಳುವ ಚಟ. "ಸಾಲ್ಯಾಗ ತೋರಿಸೀನಿ. ಒಂಬತ್ತನೇತ್ತೆಗೆ, ಹತ್ತನೇತ್ತೆಗೆ."

"ತಳದ ನೀರು ಹತ್ತಿಕೊಂತೈತಿ ಅಂತ ಹೇಳೀರಿಲ್ಲೋ?"

"ಇಲ್ಲ."

"ಮತ್ತ ನನಗ ಹೇಳಿ ಏನ ಮಾಡ್ತೀರಿ ಮಾಸ್ತರ? ನಾ ಸುಟ್ಟಕೊಂಡಾಕಿ, ನನಗ ಗೊತ್ತೈತಿ. ನಾಳೆ ನನ್ನ ಸಾಲಿಗೆ ಕರಕೊಂಡ ನಡೀರಿ."

ಸೋಮವಾರ ಗಂಗವ್ವನನ್ನು ಪಿಕಪ್ಪಿನಲ್ಲೇ ಶಾಲೆಗೆ ಕರೆತಂದು, ಒಂಬತ್ತು, ಹತ್ತನೆಯ ತರಗತಿಗಳನ್ನು ಒಟ್ಟಿಗೆ ಕೂರಿಸಿದೆ. ಆಕೆ ನನ್ನ ಮೇಜಿನ ಪಕ್ಕ ನಿಂತು, ಸೆರಗು ಸರಿಸಿ ಕೈ ತೋರಿಸಿದಳು. ನಾನು ಮಾಡಿದ್ದನ್ನು ನಾನೇ ಹೇಳಿದೆ, ಒಂದನ್ನೂ ಬಿಡದೆ. ಕೊನೆಗೆ, ಈ ಪ್ರಯೋಗವನ್ನು ಮನೆಯಲ್ಲಿ ಯಾರಾದರೂ ಮಾಡಿದ್ದೀರಾ ಎಂದು ಕೇಳಿದೆ. ಯಾರೂ ಇರಲಾರರು ಎಂಬ ಧೈರ್ಯದಿಂದಲೇ ಕೇಳಿದ್ದೆ.

ಮೂರು ಕೈ ಮೇಲೆದ್ದವು.

ಒಬ್ಬರ ಮನೆ ಊರೊಳಗೆ, ಇಬ್ಬರದು ಕುಷ್ಟಗಿ ರಸ್ತೆಯ ಹಳ್ಳಿಗಳಲ್ಲಿ. ಹೆಡ್‌ಮಾಸ್ತರರಿಗೆ ಹೇಳಿ ಪಿಕಪ್ ಹೊರಡಿಸಿದೆ. ಮೊದಲನೆಯ ಮನೆಯ ಮುಂದೆ ಗಾಡಿ ಇನ್ನೂ ಪೂರ್ತಿ ನಿಂತಿರಲಿಲ್ಲ, ಗಂಗವ್ವ ಇಳಿದು, ಯಾರನ್ನೂ ಕೇಳದೆ, ನೆಟ್ಟಗೆ ಬಚ್ಚಲಿನ ಪಕ್ಕದ ಬಕೆಟ್ಟುಗಳ ಕಡೆ ಓಡಿದಳು.