ಮಲಗಿದ ಮೇಲೆ ಎಣಿಸುವ ಜ್ವರ

ಕಳೆದ ವಾರ ಆಶಾ ಕಾರ್ಯಕರ್ತೆಯೊಬ್ಬಳು ನನ್ನ ಮೇಜಿನ ಮೇಲೆ ಚೀಲ ಇಟ್ಟಳು. ಒಳಗೆ ಬಾಟಲಿ ಸೋರಿತ್ತು. ಕಾಡಿಗೆ ಹೋಗುವವರಿಗೆ ಮಂಗನ ಕಾಯಿಲೆ ಹರಡುವ ಉಣುಗು ಕಚ್ಚದಿರಲೆಂದು ಹಂಚುವ ಎಣ್ಣೆ. ವಾಸನೆ ಮೂಗಿಗೆ ಹೊಡೆದದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಯಾರೋ ಬೈಯಲು ಬಂದರು ಅನ್ನಿಸಿತು…

ಆಗ ನಾನು ಡಾಕ್ಟರಿಕೆ ಮುಗಿಸಿದ ಹೊಸತು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರು ಕಡೆ ಮೂರು ಮೂರು ತಿಂಗಳ ತರಬೇತಿ. ಸಾಗರದ ಮೂರು ತಿಂಗಳು ಹೇಗೋ ಸುಖವಾಗಿ ಕಳೆಯಿತು. ಹೊಸನಗರ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಬಂದಾಗ ಮಂಗನ ಕಾಯಿಲೆಯ ಕಾಲ ಶುರುವಾಗಿತ್ತು. ಅಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವರನ್ನು ಊರೆಲ್ಲ ಲ್ಯಾಬಕ್ಕ ಅನ್ನುತ್ತಿತ್ತು. ಐವತ್ತು ದಾಟಿದವರು. ಬೆಳಗಾಗುತ್ತಲೇ ಆ ಎಣ್ಣೆ ಬಳಿದುಕೊಂಡು ಕಾಡಿಗೆ ಹೋಗಿ, ಕೊಟ್ಟಿಗೆಗೆ ಹಾಸುವ ಒಣ ಎಲೆ, ಅಲ್ಲಿಯವರ ಮಾತಲ್ಲಿ ದರಗು, ಗುಡಿಸಿ ತಂದುಹಾಕಿ ಆಮೇಲೆ ಕೆಲಸಕ್ಕೆ ಬರುವವರು.

ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರೂ ಮೂರು ತಿಂಗಳಿನೋರಾ?" ಎಂದು ನರ್ಸನ್ನು ಕೇಳಿದರು. ಬಸಳೆ ಬಳ್ಳಿ ನೆಟ್ಟರೂ ಇದಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ ಅಂತ ಒಗ್ಗರಣೆ ಬೇರೆ. ಅಂದಿನಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ನಾನು ಬರೆದ ಚೀಟಿಯನ್ನೆಲ್ಲ ಮೊಸರಲ್ಲಿ ಕಲ್ಲು ಹುಡುಕುವಂತೆ ನೋಡುವರು. ನಾನೂ ಬಿಟ್ಟವನಲ್ಲ. ಬೆನ್ನ ಹಿಂದೆ ಅವರನ್ನು ಎಣ್ಣೆಡಬ್ಬಿ ಎಂದು ಕರೆದು ನರ್ಸುಗಳನ್ನು ನಗಿಸುತ್ತಿದ್ದೆ.

ಮಂಗನ ಕಾಯಿಲೆ ಇದೆಯೇ ಎಂದು ನೋಡಲು ರಕ್ತವನ್ನು ಶಿವಮೊಗ್ಗಕ್ಕೆ ಕಳಿಸಬೇಕಿತ್ತು. ಜ್ವರ ಬಂದು ಎಷ್ಟು ದಿನ ಎಂದು ಚೀಟಿಯಲ್ಲಿ ಬರೆಯಬೇಕು. ಹೊಸ ಜ್ವರಕ್ಕೆ ಒಂದು ಪರೀಕ್ಷೆ, ಹಳೆಯದಕ್ಕೆ ಇನ್ನೊಂದು. ದಿನ ತಪ್ಪಿದರೆ ಪರೀಕ್ಷೆಯೇ ತಪ್ಪುತ್ತದೆ.

ಒಂದು ದಿನ ಮೂವತ್ತರ ಆಸುಪಾಸಿನ ಹೆಂಗಸು ಜ್ವರವೆಂದು ಬಂದಳು. ಎಷ್ಟು ದಿನ ಅಂದೆ, ಮೂರು ಅಂದಳು, ಬರೆದೆ. ಲ್ಯಾಬಕ್ಕ ಚೀಟಿಯನ್ನು ಹಾಗೇ ವಾಪಸ್ ತಂದು ನನ್ನ ಮುಂದಿಟ್ಟರು.

"ಜ್ವರ ಕೇಳ್ಬೇಡಿ ಡಾಕ್ಟ್ರೇ. ಕಡೇ ಸಲ ದರಗು ತಂದಿದ್ದು ಯಾವತ್ತು, ಅವತ್ತು ಮೈ ಹೆಂಗಿತ್ತು, ಅದನ್ನ ಕೇಳಿ."

ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ನನ್ನ ಕಿವಿ ಕಾಯಿತು. ನೀವು ರಕ್ತ ನೋಡಿ, ರೋಗಿಯನ್ನು ನಾನು ನೋಡುತ್ತೇನೆ ಅಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ರೋಗಿಗಳೆದುರು ಅವಮಾನ ಮಾಡುತ್ತಾರೆ, ಹೇಳಿದ ಕೆಲಸ ಮಾಡುವುದಿಲ್ಲ ಎಂದು ದೊಡ್ಡ ಡಾಕ್ಟರಿಗೆ ಎರಡು ಪುಟದ ದೂರು ಬರೆದುಕೊಟ್ಟೆ. ಅವರು ಲ್ಯಾಬಕ್ಕನನ್ನು ಕರೆಸಿ ನನ್ನೆದುರೇ ಗದರಿದರು. ಮೂರು ದಿನ ಎಂದೇ ರಕ್ತ ಹೋಯಿತು.

ಹೆಂಗಸನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದೆ. ಕಾಯಿಲೆ ಇಲ್ಲ ಎಂದು ವರದಿ ಬಂತು, ಜ್ವರವೂ ಬಿಟ್ಟಿತ್ತು, ಮನೆಗೆ ಕಳಿಸಿದೆ. ವರದಿಯನ್ನು ಲ್ಯಾಬಕ್ಕನ ಮೇಜಿನ ಮೇಲೆ, ಅವರ ಕಣ್ಣಿಗೆ ಬೀಳುವ ಹಾಗೆ, ಇಟ್ಟು ಬಂದೆ.

ಮನೆಗೆ ಹೋದ ಐದನೇ ದಿನ ಅವಳನ್ನು ಹೊತ್ತು ತಂದರು. ಕೈಕಾಲು ನಡುಗುತ್ತಿತ್ತು, ಗಂಡನ ಗುರುತೂ ಹತ್ತುತ್ತಿರಲಿಲ್ಲ. ಅವನು ಆಂಬುಲೆನ್ಸಿಗೆ ಓಡಿದ. ಜಗಲಿಯಲ್ಲಿ ಕೂತಿದ್ದ ಅತ್ತೆಯ ಪಕ್ಕದಲ್ಲಿ ಲ್ಯಾಬಕ್ಕ ಕುಕ್ಕರಗಾಲಲ್ಲಿ ಕೂತು, ನಾನು ಕೇಳದೆ ಬಿಟ್ಟದ್ದನ್ನು ಕೇಳಿದರು.

"ಮಲಗೋಕೆ ಮುಂಚೆ ಎಂಟು ದಿನದಿಂದ ಮೈ ಸುಡ್ತಿತ್ತು ಕಣ್ರಮ್ಮ," ಅಂದಿತು ಆ ಮುದುಕಿ. "ಹಂಗೇ ದರಗು ತಂದ್ಲು. ಮಲಗಿದ ಮೇಲಲ್ದಾ ಜ್ವರ ಅನ್ನೋದು?"

ಎಂಟು ಮತ್ತು ಮೂರು, ಹನ್ನೊಂದು… ನಾನು ಮಾಡಿಸಿದ ಪರೀಕ್ಷೆಗೆ ಅಷ್ಟು ಹಳೆಯ ಜ್ವರ ಸಿಗುವಂಥದ್ದಲ್ಲ. ಲ್ಯಾಬಕ್ಕ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಕಂಪ್ಲೇಂಟು ಚೆನ್ನಾಗಿ ಬರೀತೀರಿ. ಇದನ್ನೂ ಬರೀರಿ."

ಬರೆಯಲಿಲ್ಲ. ಹೆಂಗಸು ದೊಡ್ಡಾಸ್ಪತ್ರೆಯಲ್ಲಿ ಎರಡು ದಿನ ಇದ್ದು ತೀರಿಕೊಂಡಳು. ಆ ಕಾಯಿಲೆಗೆ ನೇರ ಔಷಧಿ ಇಲ್ಲ, ನಿಜ. ಆದರೆ ಅದು ಬಿಟ್ಟಂತೆ ಮಾಡಿ ಮತ್ತೆ ಬರುವ ಜ್ವರ, ಗೊತ್ತಿದ್ದಿದ್ದರೆ ಮನೆಗಂತೂ ಕಳಿಸುತ್ತಿರಲಿಲ್ಲ. ನನ್ನ ದೂರು ಮಾತ್ರ ತನ್ನ ಪಾಡಿಗೆ ಮೇಲೆ ಹೋಗಿ, ಲ್ಯಾಬಕ್ಕನಿಗೆ ತಾಳಗುಪ್ಪದ ಕಡೆಗೆ ವರ್ಗವಾಯಿತು. ವಾಪಸ್ ಪಡೆಯಲು ಒಂದು ಸಹಿ ಸಾಕಿತ್ತು. ಹಾಕಿದರೆ ಯಾಕೆ ಅಂತ ಕೇಳುತ್ತಾರಲ್ಲ… ನಾನು ತೀರ್ಥಹಳ್ಳಿಗೆ ಹೊರಟುಹೋದೆ.

ಎಷ್ಟೋ ವರ್ಷದ ಮೇಲೆ ಒಮ್ಮೆ ತಾಳಗುಪ್ಪದ ರೈಲು ನಿಲ್ದಾಣದಲ್ಲಿ ಕಂಡರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹತ್ತಿರ ಹೋಗಿ ನಿಂತೆ. ಗುರುತು ಹಿಡಿದರು. ಚೀಲ ಎತ್ತಿಕೊಂಡು ಆಚೆ ಬೆಂಚಿಗೆ ಹೋಗಿ ಕೂತರು.

ಹೋದ ಮಳೆಗಾಲದಲ್ಲಿ ಅವರು ಹೋದರಂತೆ. ಆಗಿನ ನರ್ಸ್ ಫೋನು ಮಾಡಿ ತಿಳಿಸಿದರು. ಹೇಳಬಾರದು, ಕೇಳಿದ ಕೂಡಲೇ ನನಗಾದದ್ದು ನಿರಾಳ. ನನ್ನ ತಪ್ಪು ಗೊತ್ತಿದ್ದ ಒಬ್ಬರೂ ಹೋದರು ಅಂತ. ಫೋನು ಇಟ್ಟ ಮೇಲೆ ತಿಳಿಯಿತು, ನನ್ನನ್ನು ಕಂಡು ಮುಖ ತಿರುಗಿಸುವ ಹಕ್ಕಿದ್ದ ಒಬ್ಬರೇ ಒಬ್ಬರು ಅವರಾಗಿದ್ದರು.

ಆ ಹೆಂಗಸಿನ ಗಂಡ ಈಗಲೂ ಬಿಪಿ ತೋರಿಸಲು ನನ್ನಲ್ಲಿಗೇ ಬರುತ್ತಾನೆ. ಅವತ್ತು ನೀವು ಎಷ್ಟು ಓಡಾಡಿದ್ರಿ ಡಾಕ್ಟ್ರೇ ಅನ್ನುತ್ತಾನೆ, ಕೈ ಮುಗಿಯುತ್ತಾನೆ. ನಾನು ಅವನ ತೋಳಿಗೆ ಪಟ್ಟಿ ಸುತ್ತುತ್ತೇನೆ.