ಮಿಷಿನ್ ಸದ್ದಿನಲ್ಲಿ ಓದಿದ್ದು

ಮೊನ್ನೆ ಮಗಳು ಕಿರುಗುಟ್ಟುವ ಬಾಗಿಲಿಗೆ ಹೊಲಿಗೆ ಮಿಷಿನ್ನಿನ ಎಣ್ಣೆ ಬಿಟ್ಟಳು. ಆ ವಾಸನೆಗೆ ಶಿವಮೊಗ್ಗದ ನಮ್ಮ ಹಳೆಯ ಬೀದಿ ನೆನಪಾಯಿತು, ಎದುರುಮನೆಯ ಖಾಲಾ ನೆನಪಾದರು.

ಬೀದಿಯ ಹುಡುಗಿಯರೆಲ್ಲ ಅವರನ್ನು ಖಾಲಾ ಎಂದೇ ಕರೆಯುತ್ತಿದ್ದೆವು, ಚಿಕ್ಕಮ್ಮ ಎನ್ನುವ ಹಾಗೆ. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಹೊರಕೋಣೆಯಲ್ಲಿ ಕಾಲಲ್ಲಿ ತುಳಿಯುವ ಮಿಷಿನ್ ಇಟ್ಟುಕೊಂಡು ರವಿಕೆ, ಲಂಗ ಹೊಲಿಯುತ್ತಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿದ್ದೆ. ಇನ್ನೊಂದು ಸಲ ಪರೀಕ್ಷೆ ಕಟ್ಟು, ಆಗಲೂ ಆಗದಿದ್ದರೆ ಬಂದಿರುವ ಸಂಬಂಧಕ್ಕೆ ಒಪ್ಪಿಕೋ ಎಂದು ಅಪ್ಪ ಹೇಳಿದ್ದರು. ನನಗೆ ಟೀಚರ್ ಆಗಬೇಕೆಂಬ ಆಸೆ. ಆದರೆ ಓದಲು ಕೂತರೆ ಅಡುಗೆಮನೆಯ ಒಂದೊಂದು ಮಾತೂ ಕಿವಿಗೆ ಬೀಳುತ್ತಿತ್ತು. ಗುಡಿಯ ಜಗುಲಿಯಲ್ಲಿ ಒಬ್ಬಳೇ ಕೂತು ನೋಡಿದೆ. ಅಲ್ಲಿ ಅಷ್ಟು ನಿಶ್ಶಬ್ದ, ನನ್ನ ಯೋಚನೆಗಳೇ ಗಲಾಟೆ ಮಾಡುತ್ತಿದ್ದವು.

ಒಂದು ಮಧ್ಯಾಹ್ನ ಅಕ್ಕನ ರವಿಕೆ ತರಲು ಖಾಲಾ ಮನೆಗೆ ಹೋದೆ. ಇನ್ನೂ ತೋಳು ಕೂಡಿಸುತ್ತಿದ್ದರು. ಕಾಯುತ್ತಾ ಕೈಯಲ್ಲಿದ್ದ ಚರಿತ್ರೆ ಪುಸ್ತಕ ತೆರೆದೆ. ಮಿಷಿನ್ ಒಂದೇ ಸಮನೆ ಕಟಕಟ ಎನ್ನುತ್ತಿತ್ತು. ರವಿಕೆ ಮುಗಿಯುವಷ್ಟರಲ್ಲಿ ಒಂದು ಪಾಠ ಪೂರ್ತಿ ಓದಿದ್ದೆ, ಓದಿದ್ದು ನೆನಪಿನಲ್ಲೂ ಇತ್ತು. ಮರುದಿನದಿಂದ ನನ್ನ ಓದೆಲ್ಲ ಅಲ್ಲಿಯೇ.

ಮಿಷಿನ್ ನಿಂತ ಕೂಡಲೇ ಖಾಲಾ ತಲೆ ಹಿಡಿದುಕೊಳ್ಳುವುದನ್ನು ನಾನು ಮೊದಲು ಗಮನಿಸಿರಲಿಲ್ಲ. ಕೇಳಿದಾಗ ಹೇಳಿದರು.

"ಕಿವಿಯೊಳಗೆ ಒಂದು ಜೀರುಂಡೆ ಐತೆ ಬೇಟಾ. ಸುಮ್ಮನೆ ಕೂತ್ರೆ ಜಾಸ್ತಿ ಕೂಗುತ್ತೆ. ಮಿಷಿನ್ ತುಳಿತಿದ್ರೆ ಅದರ ಮೇಲೆ ಗ್ಯಾನ ಇರಲ್ಲ."

ಹಿಂದೆ ಮಲೇರಿಯಾ ಬಂದಾಗ ಕ್ವಿನೈನ್ ಮಾತ್ರೆ ಬಹಳ ನುಂಗಿದ್ದರಂತೆ. ಜ್ವರ ಹೋಯಿತು, ಈ ಸದ್ದು ಉಳಿಯಿತು. ಡಾಕ್ಟರು ಇದಕ್ಕೆ ಔಷಧವಿಲ್ಲ ಎಂದಿದ್ದರು. ನಾನು ಗಟ್ಟಿಯಾಗಿ ಓದಿದರೂ ಅವರಿಗೆ ಹಗುರವಾಗುತ್ತಿತ್ತು. ಅವರ ಮಿಷಿನ್ ನಿಂತಾಗ ನಾನು ಗಟ್ಟಿಯಾಗಿ ಓದುವುದು, ಅದು ಓಡುವಾಗ ಮನಸ್ಸಿನಲ್ಲೇ ಓದುವುದು... ಯಾರೂ ಮಾತಾಡಿಕೊಳ್ಳದೆಯೇ ಹಾಗೆ ನಡೆದುಬಂತು.

ಪರೀಕ್ಷೆ ಹತ್ತಿರ ಬಂದಾಗ ಅವರ ಮಂಡಿ ಊದಿಕೊಂಡಿತು. ಮಿಷಿನ್ ತುಳಿಯಲೇಬಾರದು ಎಂದರು ಡಾಕ್ಟರು. ಹೋಗಿ ನೋಡಿದೆ. ಖಾಲಾ ಕಣ್ಣು ಮುಚ್ಚಿ ಚಾಪೆಯ ಮೇಲೆ ಮಲಗಿದ್ದರು, ನಿದ್ದೆ ಇರಲಿಲ್ಲ. ಊಟವೂ ಸೇರುತ್ತಿರಲಿಲ್ಲ. ನನಗೂ ಆ ಕೋಣೆಯಲ್ಲಿ ಒಂದಕ್ಷರ ತಲೆಗೆ ಹತ್ತಲಿಲ್ಲ.

ಎರಡು ದಿನ ಹೀಗೇ ಕಳೆದ ಮೇಲೆ ನಾನು ಸೂಜಿ ಬಿಚ್ಚಿಟ್ಟೆ, ದಾರ ತೆಗೆದೆ. ಹಲಗೆಯ ಮೇಲೆ ಪುಸ್ತಕ ಇಟ್ಟುಕೊಂಡು ಖಾಲಿ ಮಿಷಿನ್ ತುಳಿಯತೊಡಗಿದೆ. ಬಟ್ಟೆಯಿಲ್ಲದೆ ಅದರ ಸದ್ದು ತುಸು ಸಡಿಲವಾಗಿತ್ತು. ಒಂದು ಪುಟ ದಾಟಿರಲಿಲ್ಲ, ಖಾಲಾ ಗೋಡೆಯ ಕಡೆ ಮಗ್ಗುಲು ಬದಲಿಸಿದರು. ಆಮೇಲೆ ಸಣ್ಣಗೆ ಗೊರಕೆ ಕೇಳಿಸಿತು. ನಿಲ್ಲಿಸಲು ಮನಸ್ಸಾಗಲಿಲ್ಲ. ಪರೀಕ್ಷೆಯವರೆಗೂ ಹಾಗೆಯೇ ತುಳಿದೆ, ಹಾಗೆಯೇ ಓದಿದೆ. ಎದುರುಮನೆಯಲ್ಲಿ ನಾನು ಹೊಲಿಗೆ ಕಲಿಯುತ್ತಿದ್ದೇನೆ ಎಂದು ಅಮ್ಮ ನಂಬಿದ್ದರು.

ಪಾಸಾದೆ. ಆದರೆ ಫಲಿತಾಂಶ ಬರುವ ಮೊದಲೇ ಖಾಲಾರ ತಮ್ಮ ಬಂದು ಅವರನ್ನು ಭದ್ರಾವತಿಗೆ ಕರೆದೊಯ್ದಿದ್ದ. ಅವನಿಗೆ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ. ಮಿಷಿನ್ ಸದ್ದಿಲ್ಲದೆ ಆ ಜೀರುಂಡೆಯನ್ನು ಹೇಗೆ ಸಹಿಸುತ್ತಾರೋ ಎಂಬ ಚಿಂತೆ ನನಗೆ. ಅಪ್ಪನನ್ನು ಕಾಡಿಸಿ ಬಸ್ಸು ಹತ್ತಿದೆ. ಮನೆ ಕಾರ್ಖಾನೆಯ ಗೋಡೆಗೆ ಅಂಟಿಕೊಂಡಂತೆ ಇತ್ತು. ಹಗಲೂ ರಾತ್ರಿ ಗುಂಯ್ ಎನ್ನುವ ಮೊರೆತ. ತಮ್ಮನ ಹೆಂಡತಿ ಅದನ್ನು ಬೈದುಕೊಂಡೇ ಚಹಾ ಕೊಟ್ಟಳು. ಖಾಲಾ ಮೈ ತುಂಬಿಕೊಂಡಿದ್ದರು.

"ಇಲ್ಲಿ ನನ್ ಜೀರುಂಡೆ ಸೋತೋಯ್ತು ಮಾರಾಯ್ತಿ," ಎಂದರು. "ಬೆಳಗಿನ ತನಕ ಮಲಗ್ತೀನಿ."

ನಾನು ಟೀಚರ್ ಆಗಿ ಆಯನೂರಿಗೆ ಹೋದೆ. ಭದ್ರಾವತಿಗೆ ಆಮೇಲೆ ಒಂದೆರಡು ಸಲ ಹೋಗಿರಬಹುದು... ಅವರು ತೀರಿಕೊಂಡ ಸುದ್ದಿ ತಡವಾಗಿ ತಲುಪಿತು.

ಈಗ ನನ್ನ ಕಿವಿಯಲ್ಲೂ ಸದ್ದು ಶುರುವಾಗಿದೆ. ವಯಸ್ಸಿನದು, ಹತ್ತಿರ ಏನಾದರೂ ಮೆಲ್ಲಗಿನ ಸದ್ದು ಇರಲಿ ಎಂದಿದ್ದಾರೆ ಡಾಕ್ಟರು. ಫ್ಯಾನು ಹಾಕಿಕೊಂಡೇ ಓದುತ್ತೇನೆ, ತಕ್ಕಮಟ್ಟಿಗೆ ಮರೆಯಾಗುತ್ತದೆ. ಹೇಗೆ ಕೇಳಿಸುತ್ತದೆ ಎಂದು ಮಗಳು ಕೇಳಿದಾಗ ವಿವರಿಸಲು ಹೋಗಿ ಸೋಲುತ್ತೇನೆ. ಖಾಲಾಗಾದರೆ ವಿವರಿಸಬೇಕಾಗಿರಲಿಲ್ಲ.